ಕನ್ಸೋಲಿನಲ್ಲಿ ಚೆಸ್ ಕಲಿಸುತ್ತೀರಾ? ಮೊದಲು ಸೆಟ್ಟಿಂಗ್ಸ್ ತೆರೆಯಿರಿ

ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗೇ ಇಲ್ಲ. ಮನೆಯಲ್ಲಿ ಕೂರಿಸಿದರೆ ಮೊಬೈಲು, ಇಲ್ಲಾಂದ್ರೆ ಟಿವಿಗೆ ಜೋಡಿಸಿದ ಗೇಮ್ ಕನ್ಸೋಲು. 2024ರ ಡಿಸೆಂಬರಿನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಚೆಸ್ ಕ್ಲಾಸಿಗೆ ಸೇರಿಸಲು ಬರುವವರು ಜಾಸ್ತಿಯಾಗಿದ್ದಾರೆ, ಅವರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇದು: "ಸರ್, ಮನೆಯಲ್ಲಿ ಪ್ಲೇಸ್ಟೇಷನ್ ಇದೆ, ಅದರಲ್ಲೇ ಚೆಸ್ ಹಾಕಿಕೊಟ್ಟರೆ ಕಲಿಯುತ್ತಾನಾ?"

ಕಲಿಯುತ್ತಾನೆ. ಆದರೆ ಗೇಮ್ ಮಾಡುವ ಕಂಪನಿ ಇಟ್ಟ ಸೆಟ್ಟಿಂಗಿನಲ್ಲೇ ಬಿಟ್ಟರೆ ಅರ್ಧ ಚೆಸ್ ಮಾತ್ರ ಕಲಿಯುತ್ತಾನೆ. ಉಳಿದರ್ಧವನ್ನು ಯಂತ್ರವೇ ಆಡಿಬಿಡುತ್ತದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಮೊಬೈಲಿಗಿಂತ ಕನ್ಸೋಲ್ ಎಷ್ಟೋ ವಾಸಿ. ಅದಕ್ಕೆ ಕಾರಣ ಗ್ರಾಫಿಕ್ಸ್ ಅಲ್ಲ, ಕಂಟ್ರೋಲರು. ಮೊಬೈಲಿನಲ್ಲಿ ಬೆರಳು ತಲೆಗಿಂತ ಮುಂದೆ ಓಡುತ್ತದೆ. ಕಂಟ್ರೋಲರಿನಲ್ಲಿ ಎ1ರಿಂದ ಎ8ಕ್ಕೆ (ಬೋರ್ಡಿನ ಉದ್ದ ಸಾಲುಗಳಿಗೆ ಎಯಿಂದ ಎಚ್, ಅಡ್ಡ ಸಾಲುಗಳಿಗೆ 1ರಿಂದ 8 ಅಂತ ಹೆಸರು) ಆನೆ ಹೋಗಬೇಕಾದರೆ ಕರ್ಸರನ್ನು ಮನೆ ಮನೆ ದಾಟಿಸಿಕೊಂಡು ಹೋಗಬೇಕು. ಮಕ್ಕಳಿಗೆ ಇದು ಬೇಜಾರು, ನನಗೆ ಇದೇ ಬೇಕು. ಕರ್ಸರ್ ಐದನೇ ಮನೆಗೆ ಬರುವಷ್ಟರಲ್ಲಿ "ಅಯ್ಯೋ, ಅಲ್ಲಿ ಒಂಟೆ ನೋಡ್ತಾ ಇದೆ" ಅಂತ ಮಗು ತಾನೇ ನಿಲ್ಲಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇದೇ ಕಾರಣಕ್ಕೆ ಕನ್ಸೋಲಿನಲ್ಲಿ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟ, ಆಡಿಸಬೇಡಿ. 3 ನಿಮಿಷದ ಆಟದಲ್ಲಿ ಸೋಲುವುದು ಕರ್ಸರ್, ಮಗು ಅಲ್ಲ. 30 ನಿಮಿಷ ಇಡಿ, ಇಲ್ಲವೇ ಟೈಮೇ ಇಡಬೇಡಿ.

ಇನ್ನೊಂದು ಲಾಭ ಇದೆ. ಸಿರುಗುಪ್ಪ, ಕುರುಗೋಡು ಕಡೆಯಿಂದ ಬರುವ ಕೆಲವು ಮಕ್ಕಳು ಅಜ್ಜನ ಹತ್ತಿರ ಹಳೆಯ ದೇಸಿ ಪದ್ಧತಿಯ ಆಟ ಕಲಿತಿರುತ್ತಾರೆ. ಅದರಲ್ಲಿ ಸೈನಿಕ ಮೊದಲ ನಡೆಯಲ್ಲೂ ಒಂದೇ ಮನೆ. ಕ್ಯಾಸ್ಲಿಂಗ್ (ರಾಜ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ನಡೆ) ಇಲ್ಲ, ಬದಲಿಗೆ ಇನ್ನೂ ಚೆಕ್ (ರಾಜನ ಮೇಲೆ ದಾಳಿ) ತಿನ್ನದ ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದು. ಕೊನೆ ಮುಟ್ಟಿದ ಸೈನಿಕ, ಆಟದ ಶುರುವಿನಲ್ಲಿ ಆ ಮನೆಯಲ್ಲಿ ಯಾವ ಕಾಯಿ ಇತ್ತೋ ಅದೇ ಆಗಬೇಕು. ಒಳ್ಳೆಯ ಆಟವೇ ಅದು, ಆದರೆ ಟೂರ್ನಮೆಂಟಿನಲ್ಲಿ ನಡೆಯುವುದಿಲ್ಲ. ನಾನು ಹೇಳಿದರೆ "ನಮ್ಮಜ್ಜ ಹಿಂಗೇ ಆಡೋದು" ಅಂತ ವಾದಕ್ಕೆ ನಿಲ್ಲುತ್ತಾರೆ. ಕನ್ಸೋಲ್ ವಾದ ಮಾಡುವುದಿಲ್ಲ, ರಾಜನನ್ನು ಹಾರಲು ಬಿಡುವುದೇ ಇಲ್ಲ, ಅಲ್ಲಿಗೆ ಮುಗಿಯಿತು. ಒಂದು ನಿಯಮ ಮಾತ್ರ ನೀವು ಪಕ್ಕದಲ್ಲಿ ಕೂತು ಹೇಳಿಕೊಡಬೇಕು, ಆಂಪಾಸ್ಸಾಂ. ನಿಮ್ಮ ಸೈನಿಕ ಎರಡು ಮನೆ ಹಾರಿ ಎದುರಾಳಿ ಸೈನಿಕನ ಪಕ್ಕ ನಿಂತರೆ, ಒಂದೇ ಮನೆ ಹೋಗಿದ್ದ ಅಂದುಕೊಂಡು ಅವನು ಮುಂದಿನ ನಡೆಯಲ್ಲೇ ಹೊಡೆಯಬಹುದು. ಇದು ಗೊತ್ತಿಲ್ಲದ ಮಗುವಿಗೆ ತನ್ನ ಸೈನಿಕ ಟಿವಿಯಿಂದ ಮಾಯವಾದ ಹಾಗೆ ಕಾಣುತ್ತದೆ. "ಸರ್, ಗೇಮ್ ಮೋಸ ಮಾಡ್ತು" ಅಂತ ಬಂದು ಹೇಳುತ್ತಾರೆ.

ಈಗ ಲೆವೆಲ್‌ಗಳ ವಿಷಯ. ತಂದೆ ತಾಯಿ ಅಂದುಕೊಳ್ಳುವುದು, ಲೆವೆಲ್ 1 ಅಂದರೆ ಹೊಸದಾಗಿ ಕಲಿತ ಮನುಷ್ಯನ ಹಾಗೆ ಆಡುವ ಎದುರಾಳಿ ಅಂತ. ಹಾಗಲ್ಲ. ಯಂತ್ರ ಆಡುವುದು ಮುಂದಿನ ನಡೆಗಳನ್ನು ಹುಡುಕಿ: ನಾನು ಹೀಗೆ, ಅವನು ಹಾಗೆ, ಮತ್ತೆ ನಾನು ಹೀಗೆ. ಕೊನೆಗೆ ಯಾರ ಹತ್ತಿರ ಎಷ್ಟು ಬೆಲೆಯ ಕಾಯಿ ಉಳಿಯಿತು ಅಂತ ಕೂಡಿಸಿ ನೋಡುತ್ತದೆ. ಅದನ್ನು ದುರ್ಬಲ ಮಾಡಬೇಕಾದರೆ ಒಂದೋ ಹುಡುಕುವ ಆಳ ಕಡಿಮೆ ಮಾಡಬೇಕು, ಇಲ್ಲವೇ ನಡುನಡುವೆ ಬೇಕಂತಲೇ ತಪ್ಪು ನಡೆ ಆಡಿಸಬೇಕು. ಹಾಗಾಗಿ ಕೆಳಗಿನ ಲೆವೆಲ್‌ಗಳಲ್ಲಿ ಯಂತ್ರ ಹತ್ತು ನಡೆ ಸರಿಯಾಗಿ ಆಡಿ, ಹನ್ನೊಂದನೆಯದರಲ್ಲಿ ಸುಮ್ನೆ ಮಂತ್ರಿಯನ್ನು ಎದುರಿಗೆ ತಂದಿಡುತ್ತದೆ. ಮನುಷ್ಯ ಹಾಗೆ ತಪ್ಪುವುದಿಲ್ಲ. ಅವನ ತಪ್ಪಿಗೆ ಆಸೆಯೋ ಭಯವೋ ಏನೋ ಒಂದು ಕಾರಣ ಇರುತ್ತದೆ, ಅದನ್ನು ಊಹಿಸಬಹುದು. ಬರೀ ಲೆವೆಲ್ 1ರಲ್ಲಿ ಆಡಿದ ಮಗು ಯೋಜನೆ ಮಾಡುವುದನ್ನು ಕಲಿಯುವುದಿಲ್ಲ, ಉಡುಗೊರೆಗೆ ಕಾಯುವುದನ್ನು ಕಲಿಯುತ್ತದೆ.

ಇದರ ಜೊತೆಗೆ ನಾಲ್ಕು ನಡೆಯ ಮೇಟ್, ಅಂದರೆ ರಾಜ ತಪ್ಪಿಸಿಕೊಳ್ಳಲಾಗದೆ ಆಟ ಮುಗಿಯುವುದು. ಇ4, ಮಂತ್ರಿ ಎಚ್5ಕ್ಕೆ, ಒಂಟೆ ಸಿ4ಕ್ಕೆ, ಆಮೇಲೆ ಎಫ್7ರ ಸೈನಿಕನನ್ನು ಮಂತ್ರಿ ಹೊಡೆದರೆ ಖಲ್ಲಾಸ್. ಕೆಳಗಿನ ಲೆವೆಲ್ ಇದಕ್ಕೆ ಬಿದ್ದರೆ ಮಗುವಿಗೆ ಚೆಸ್ ಪೂರ್ತಿ ಬಂದುಬಿಟ್ಟಿತು ಅನ್ನಿಸುತ್ತದೆ. ಟೂರ್ನಮೆಂಟಿನಲ್ಲಿ ಎದುರಿಗೆ ಕೂತ ಹುಡುಗಿ ಕುದುರೆಯನ್ನು ಸಿ6ಕ್ಕೆ ತಂದು, ಒಂಟೆ ಬಂದ ಕೂಡಲೇ ಸೈನಿಕನನ್ನು ಜಿ6ಕ್ಕೆ ತಳ್ಳುತ್ತಾಳೆ. ಮಂತ್ರಿ ಎಫ್3ಕ್ಕೆ ಓಡಿ ಮತ್ತೆ ಮೇಟ್ ಬೆದರಿಕೆ ಹಾಕುತ್ತಾನೆ, ಅವಳು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ಇಡುತ್ತಾಳೆ. ನಾಲ್ಕು ನಡೆಯಲ್ಲಿ ಅವಳ ಎರಡೂ ಕುದುರೆ ಹೊರಗೆ, ನಮ್ಮವನ ಮಂತ್ರಿ ತನ್ನದೇ ಕುದುರೆಯ ಜಾಗದಲ್ಲಿ. ಸತತ ಎರಡು ಆಟ ಗೆದ್ದ ಕೂಡಲೇ ಲೆವೆಲ್ ಏರಿಸಿ, ಅಷ್ಟೇ ಪರಿಹಾರ.

ಯಂತ್ರ ಹೇಗೆ "ಯೋಚಿಸುತ್ತದೆ" ಅಂತ ದೊಡ್ಡ ಮಕ್ಕಳು ಕೇಳಿದರೆ ನಾನು 1979ರ ಅಟಾರಿ ಕನ್ಸೋಲಿನ ವಿಡಿಯೋ ಚೆಸ್ ಕಥೆ ಹೇಳುತ್ತೇನೆ. ಆ ಕನ್ಸೋಲಿನಲ್ಲಿದ್ದ ರ‍್ಯಾಮ್ 128 ಬೈಟ್, ಇಡೀ ಆಟ ಕೂತಿದ್ದು 4 ಕಿಲೋಬೈಟಿನ ಕಾರ್ಟ್ರಿಜ್‌ನಲ್ಲಿ. ಪರದೆಯನ್ನು ಗೆರೆ ಗೆರೆಯಾಗಿ ಬಿಡಿಸುವ ಕೆಲಸವೂ ಅದೇ ಪ್ರೊಸೆಸರಿನದು. ಚಿತ್ರ ಬಿಡಿಸುತ್ತಾ ನಡೆ ಹುಡುಕಲು ಆಗುತ್ತಿರಲಿಲ್ಲ, ಅದಕ್ಕೇ ಯೋಚಿಸುವಾಗ ಬೋರ್ಡೇ ಮಾಯವಾಗಿ ಬರೀ ಬಣ್ಣ ಮಿನುಗುತ್ತಿತ್ತು. ಮೇಲಿನ ಲೆವೆಲ್‌ಗಳಲ್ಲಿ ಒಂದು ನಡೆಗೆ ಗಂಟೆಗಟ್ಟಲೆ! 2025ರಲ್ಲಿ ಚಾಟ್‌ಜಿಪಿಟಿ ಇದೇ ಮುದುಕನ ಕೈಲಿ ಸೋತ ಸುದ್ದಿ ಹೇಳಿದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ.

ಸರಿ, ಸೆಟ್ಟಿಂಗ್ಸ್. 2017ರ ಚೆಸ್ ಅಲ್ಟ್ರಾ ಗೇಮ್ ಇರಲಿ, ನಿಂಟೆಂಡೊ ಸ್ವಿಚ್ ಕನ್ಸೋಲಿನ 51 ಆಟಗಳ ಕಟ್ಟು ಇರಲಿ, ಹಳೆಯ ಪ್ಲೇಸ್ಟೇಷನ್ 2ರ ಚೆಸ್‌ಮಾಸ್ಟರ್ ಇರಲಿ, ನೀವು ಹುಡುಕಬೇಕಾದದ್ದು ಮೆನುವಿನಲ್ಲಿ ಏನನ್ನು ಆಫ್ ಮಾಡಬಹುದು ಅಂತ. ಅಮೃತಶಿಲೆ ಬೋರ್ಡು, ತಿರುಗುವ ಕ್ಯಾಮೆರಾ ಎಲ್ಲ ನೋಡಲು ಚೆಂದ, ಆದರೆ ಓರೆಯಾಗಿ ನೋಡಿದರೆ ಹಿಂದಿನ ಸಾಲಿನ ಒಂಟೆ ಮತ್ತು ಸೈನಿಕ ಒಂದೇ ಥರ ಕಾಣುತ್ತವೆ. ನೇರ ಮೇಲಿನಿಂದ ನೋಡುವ 2ಡಿ ಇಡಿ. ಹಿಂಟ್ ಮೊದಲ ದಿನವೇ ಆಫ್. ಕಾಯಿ ಆರಿಸಿದ ಕೂಡಲೇ ಹೋಗಬಹುದಾದ ಮನೆಗಳು ಹೊಳೆಯುತ್ತವಲ್ಲ, ಕುದುರೆಯ ನಡೆ ಬಾಯಿಗೆ ಬರುವ ತನಕ ಅದು ಇರಲಿ, ಆಮೇಲೆ ತೆಗೆಯಿರಿ. ಆ ಹೊಳಪು ಇದ್ದಷ್ಟು ದಿನ ಮಗು ಬೋರ್ಡ್ ನೋಡುವುದಿಲ್ಲ, ಹೊಳೆಯುವ ಮನೆಗಳಲ್ಲಿ ಒಂದನ್ನು ಆರಿಸುತ್ತದೆ. ನಡೆ ವಾಪಸ್ ತೆಗೆದುಕೊಳ್ಳುವ ಅನ್‌ಡು ಬಗ್ಗೆ ನನ್ನ ಅಭಿಪ್ರಾಯ ಬೇರೆ. ಆಟದ ಮಧ್ಯೆ ಬೇಡವೇ ಬೇಡ. ಆಟ ಮುಗಿದ ಮೇಲೆ ಎಲ್ಲಿ ಕೆಟ್ಟಿತೋ ಅಲ್ಲಿಗೆ ಹಿಂದೆ ಹೋಗಿ ಬೇರೆ ನಡೆ ಆಡಿಸಿ ನೋಡಲು ಅದಕ್ಕಿಂತ ಒಳ್ಳೆಯ ಮಾಸ್ತರ ಇಲ್ಲ.

ಟೂರ್ನಮೆಂಟಿನಲ್ಲಿ ಕನ್ಸೋಲ್ ಮಕ್ಕಳು ಎಡವುವುದು ಬೇರೆ ಕಡೆ. ಕಂಟ್ರೋಲರಿನಲ್ಲಿ ಕಾಯಿ ಆರಿಸಿ ಬೇಡ ಅನ್ನಿಸಿದರೆ ಕ್ಯಾನ್ಸಲ್. ಬೋರ್ಡ್ ಮುಂದೆ ಬೇಕಂತ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಯಂತ್ರ ನಿಯಮಕ್ಕೆ ವಿರುದ್ಧವಾದ ನಡೆ ಆಡಲು ಬಿಡುವುದಿಲ್ಲ, ಬೋರ್ಡ್ ಬಿಡುತ್ತದೆ. ಕ್ಲಾಸಿಕಲ್ (ದೀರ್ಘ ಸಮಯದ) ಆಟದಲ್ಲಿ ಮೊದಲ ಸಲ ಹಾಗೆ ಆಡಿ ಗಡಿಯಾರ ಒತ್ತಿದರೆ ಎದುರಾಳಿಗೆ 2 ನಿಮಿಷ ಜಾಸ್ತಿ, ಎರಡನೇ ಸಲಕ್ಕೆ ಸೋಲು. ಟಿವಿ "ಚೆಕ್" ಅಂತ ಕೂಗುತ್ತದೆ, ಅಲ್ಲಿ ಯಾರೂ ಕೂಗುವುದಿಲ್ಲ. ಒಂದೇ ಸ್ಥಿತಿ ಮೂರು ಸಲ ಬಂದರೆ ಗೇಮ್ ತಾನೇ ಡ್ರಾ ಮಾಡಬಹುದು, ಅಲ್ಲಿ ನೀವೇ ಆರ್ಬಿಟರಿಗೆ (ತೀರ್ಪುಗಾರರಿಗೆ) ಹೇಳಿ ಕೇಳಬೇಕು. ಕ್ಯಾಸ್ಲಿಂಗ್ ಒಂದನ್ನು ಮಾತ್ರ ಕನ್ಸೋಲ್ ಸರಿಯಾಗಿ ರೂಢಿ ಮಾಡಿಸುತ್ತದೆ: ಮೊದಲು ರಾಜ, ಎರಡು ಮನೆ. ಮೊದಲು ಆನೆ ಮುಟ್ಟಿದರೆ ಆ ಕಡೆ ಕ್ಯಾಸ್ಲಿಂಗ್ ಹೋಯಿತು.

ಅದಕ್ಕೇ ಟಿವಿ ಮುಂದೆ ನೆಲದ ಮೇಲೆ ಒಂದು ಸಾದಾ ಬೋರ್ಡ್ ಇಡಿಸುತ್ತೇನೆ. ನಡೆಯನ್ನು ಮೊದಲು ಕೈಯಿಂದ ಬೋರ್ಡಿನ ಮೇಲೆ ಆಡಬೇಕು, ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಕಂಟ್ರೋಲರ್ ಮುಟ್ಟಬೇಕು. ಯಂತ್ರದ ನಡೆಯನ್ನೂ ಹಾಗೇ ಬೋರ್ಡಿಗೆ ಇಳಿಸಬೇಕು. ಮಧ್ಯೆ ಕರೆಂಟ್ ಹೋದರೂ ಆಟ ಹಾಳಾಗುವುದಿಲ್ಲ, ಅದೇ ಸ್ಥಿತಿಯಿಂದ ಯಂತ್ರದ ಕಡೆಯ ಕಾಯಿಗಳನ್ನು ಅಕ್ಕನೋ ಅಪ್ಪನೋ ಆಡಲಿ.

ಹಾಂ, ಚೆಸ್ ಕಲಿಸಲೆಂದೇ ಕನ್ಸೋಲ್ ಕೊಳ್ಳಲು ಹೋಗಬೇಡಿ. ಇದ್ದರೆ ಬಳಸಿ. ಇಲ್ಲದಿದ್ದರೆ ಮಡಚುವ ಬೋರ್ಡು, ಪ್ಲಾಸ್ಟಿಕ್ ಕಾಯಿ, ಆಡಲು ಇನ್ನೊಬ್ಬರು, ಇಷ್ಟು ಸಾಕು.