ನಿಮ್ಮ ಪುಟ, ಅವರ ಪರದೆ

ಬ್ಲಾಗ್ ಬರೆಯುವವರು, ವೆಬ್ ವಿನ್ಯಾಸ ಮಾಡುವವರು ತಮ್ಮ ಪುಟವನ್ನು ದಿನಕ್ಕೆ ಹತ್ತಾರು ಸಲ ತೆರೆದು ನೋಡುತ್ತಾರೆ. ಆದರೆ ಅವರಿಗೆ ಕಾಣುವ ಪುಟವೇ ಬೇರೆ, ಓದುಗರಿಗೆ ಕಾಣುವ ಪುಟವೇ ಬೇರೆ. ಮಾಡುವವರ ಮುಂದೆ ದೊಡ್ಡ ಪರದೆ, ನೆರಳಿನ ಕೋಣೆ, ವೇಗದ ನೆಟ್ ಇರುತ್ತದೆ. ಜೊತೆಗೆ ಇನ್ನೊಂದು ಅನುಕೂಲ. ಒಮ್ಮೆ ತೆರೆದ ಪುಟದ ಚಿತ್ರ, ಫಾಂಟ್‌ಗಳನ್ನು ಬ್ರೌಸರ್ ತನ್ನ ಕ್ಯಾಶ್‌ನಲ್ಲಿ, ಅಂದರೆ ಕಂಪ್ಯೂಟರ್‌ನೊಳಗಿನ ತಾತ್ಕಾಲಿಕ ಸಂಗ್ರಹದಲ್ಲಿ, ಇಟ್ಟುಕೊಂಡಿರುತ್ತದೆ. ಮುಂದಿನ ಸಲ ಅವು ನೆಟ್‌ನಿಂದ ಬರುವುದೇ ಇಲ್ಲ, ನಿಮ್ಮ ಕಂಪ್ಯೂಟರ್‌ನಿಂದಲೇ ಬರುತ್ತವೆ. ಹಾಗಾಗಿ ನಿಮ್ಮ ಪುಟ ನಿಮಗೆ ಯಾವಾಗಲೂ ಚುರುಕಾಗಿಯೇ ಕಾಣುತ್ತದೆ. ಮೊದಲ ಸಲ ಬರುವವರ ಫೋನ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಅವರು ಬಿಸಿಲಲ್ಲಿ ನಿಂತಿರಬಹುದು, ಸಿಗ್ನಲ್ ಒಂದೇ ಕಡ್ಡಿ ಇರಬಹುದು. ಪುಟದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಅಂತರದಿಂದಲೇ ಹುಟ್ಟುತ್ತವೆ ಎಂದು ನನಗನ್ನಿಸುತ್ತದೆ.

ಬಿಳಿ ಹಿನ್ನೆಲೆಯ ಮೇಲಿನ ತಿಳಿ ಬೂದು ಅಕ್ಷರವನ್ನೇ ತಗೊಳ್ಳಿ. ಎಷ್ಟೋ ಥೀಮ್‌ಗಳಲ್ಲಿ, ಅಂದರೆ ಪುಟಕ್ಕೆ ಸಿಗುವ ಸಿದ್ಧ ವಿನ್ಯಾಸಗಳಲ್ಲಿ, ಇದು ಮೊದಲೇ ಬಂದುಬಿಟ್ಟಿರುತ್ತದೆ. ನೋಡಲು ನಾಜೂಕು, ನಿಜ. ಓದಲು ಕಷ್ಟ. ಪರದೆಯ ಗಾಜು ಸುತ್ತಲಿನ ಬೆಳಕನ್ನು ಸ್ವಲ್ಪ ಪ್ರತಿಫಲಿಸುತ್ತದೆ, ಅಲ್ವಾ? ಆ ಬೆಳಕು ಅಕ್ಷರಕ್ಕೂ ಹಿನ್ನೆಲೆಗೂ ಒಂದೇ ಸಮ ಸೇರುತ್ತದೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಹಿನ್ನೆಲೆಯಿಂದ 400 ಪಾಲು ಬೆಳಕು ಬರುತ್ತಿದೆ, ಕಪ್ಪು ಅಕ್ಷರದಿಂದ 20 ಪಾಲು. ಅನುಪಾತ 20ಕ್ಕೆ 1. ಬಿಸಿಲು ಎರಡಕ್ಕೂ 200 ಪಾಲು ಸೇರಿಸಿತು ಅನ್ನಿ. ಈಗ 600ಕ್ಕೆ 220, ಅಂದರೆ ಅನುಪಾತ 2.7ಕ್ಕೆ ಇಳಿಯಿತು. ಅದೇ ಅಕ್ಷರ ಬೂದಾಗಿದ್ದು 140 ಪಾಲು ಬೆಳಕು ಬಿಡುತ್ತಿದ್ದರೆ? 600ಕ್ಕೆ 340. ಅನುಪಾತ 1.8ಕ್ಕಿಂತ ಕಡಿಮೆ. ಕಪ್ಪು ಅಕ್ಷರವನ್ನು ಕಣ್ಣು ಕಿರಿದು ಮಾಡಿಯಾದರೂ ಓದಬಹುದು. ಬೂದು ಅಕ್ಷರ ಕರಗಿಯೇ ಹೋಗುತ್ತದೆ.

ವೆಬ್‌ನ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ, 2008ರಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಕಾಂಟ್ರಾಸ್ಟ್ (ಅಕ್ಷರ-ಹಿನ್ನೆಲೆಗಳ ಹೊಳಪಿನ ಅನುಪಾತ) ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಆ ಸೂತ್ರದಲ್ಲಿ ಅಚ್ಚ ಕಪ್ಪಿನ ಹೊಳಪು 0, ಅಚ್ಚ ಬಿಳಿಯದು 1; ಎರಡೂ ಬಣ್ಣಗಳ ಹೊಳಪಿಗೆ 0.05 ಸೇರಿಸುತ್ತಾರೆ. ಪರದೆಯ ಮೇಲೆ ಬೀಳುವ ಹೊರಗಿನ ಬೆಳಕಿನ ಪಾಲು ಅದು. ಅಚ್ಚ ಬಿಳಿಗೆ 1.05, ಅಚ್ಚ ಕಪ್ಪಿಗೆ 0.05, ಭಾಗಿಸಿದರೆ 21. ಇದಕ್ಕಿಂತ ದೊಡ್ಡ ಅನುಪಾತ ಆ ಅಳತೆಯಲ್ಲಿ ಇಲ್ಲ. 4.5 ಎಂಬುದೂ ಸುಮ್ನೆ ಆರಿಸಿದ ಅಂಕಿಯಲ್ಲ. ದೃಷ್ಟಿ 20/40ಕ್ಕೆ ಇಳಿದವರನ್ನು (ಬೇರೆಯವರು 40 ಅಡಿಯಿಂದ ಕಾಣುವುದನ್ನು 20 ಅಡಿಯಿಂದ ಕಾಣುವವರನ್ನು), ಅಂದರೆ ಸುಮಾರು 80ರ ಹರೆಯದವರನ್ನು ಮನಸ್ಸಿನಲ್ಲಿಟ್ಟು ಹಾಕಿದ ಗೆರೆ ಅದು. ವೆಬ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಂಕೇತ ಇರುತ್ತದೆ; ಬಿಳಿಯ ಮೇಲೆ 767676 ಸಂಕೇತದ ಬೂದು ಈ ಗೆರೆಯನ್ನು ಕೂದಲೆಳೆಯಲ್ಲಿ ದಾಟುತ್ತದೆ. ಡಿಸೈನರ್‌ಗಳಿಗೆ ಬಹಳ ಇಷ್ಟವಾದ 999999 ಮೂರನ್ನೂ ಮುಟ್ಟುವುದಿಲ್ಲ. ಥೀಮ್‌ನಲ್ಲಿ ಒಂದೇ ಒಂದು ಸಾಲು ಬದಲಿಸಲು ಸಮಯವಿದೆ ಎಂದರೆ, ಇದನ್ನೇ ಬದಲಿಸಿ.

ಬಣ್ಣದ ಬಗ್ಗೆ ಇನ್ನೊಂದು ಮಾತು. ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದವರು ಗಂಡಸರಲ್ಲಿ ಜಾಸ್ತಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಂತೂ ಸುಮಾರು 12ಕ್ಕೆ ಒಬ್ಬರು. ಲಿಂಕ್‌ಗೆ ಬಣ್ಣದ ಜೊತೆ ಅಡಿಗೆರೆಯೂ ಇರಲಿ.

ಪುಟ ತಡವಾಗಿ ತೆರೆಯುತ್ತಿದ್ದರೆ, ಮೊದಲು ಚಿತ್ರಗಳನ್ನು ನೋಡಿ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಆದರೂ ಈ ಲೇಖನದಷ್ಟು ಉದ್ದದ ಬರಹ 20 ಕಿಲೋಬೈಟ್ ಆಸುಪಾಸಿನಲ್ಲೇ ಮುಗಿಯುತ್ತದೆ. ಫೋನ್‌ನಲ್ಲಿ ತೆಗೆದ ಒಂದು ಫೋಟೊ ಸುಲಭವಾಗಿ ಅದರ ನೂರು ಪಟ್ಟು ಇರುತ್ತದೆ. ಅಗಲ 4000, ಎತ್ತರ 3000 ಅಂದರೆ 1.2 ಕೋಟಿ ಪಿಕ್ಸೆಲ್. ಥೀಮ್ ಅದನ್ನು ಚಿಕ್ಕದಾಗಿ ತೋರಿಸಬಹುದು, ಆದರೆ ಫೈಲ್ ಮಾತ್ರ ಇಡಿಯಾಗಿಯೇ ಇಳಿಯುತ್ತದೆ. ಇಳಿದ ಮೇಲೆ ಕುಗ್ಗಿಸಿದ ಚಿತ್ರವನ್ನು ಬ್ರೌಸರ್ ಬಿಡಿಸಬೇಕು. ಸಾಮಾನ್ಯವಾಗಿ ಪ್ರತಿ ಪಿಕ್ಸೆಲ್‌ಗೆ 4 ಬೈಟ್, ಒಟ್ಟು 48 ಮೆಗಾಬೈಟ್ ಮೆಮೊರಿ! ಅದೇ ಚಿತ್ರವನ್ನು 1200ಕ್ಕೆ 900 ಮಾಡಿ ಹಾಕಿದರೆ 4.3 ಮೆಗಾಬೈಟ್ ಸಾಕು. ಹಳೆಯ ಫೋನ್‌ನಲ್ಲಿ ಪುಟ ತಡವರಿಸುತ್ತಾ ಸರಿಯುವುದಕ್ಕೂ, ಸರಾಗವಾಗಿ ಸರಿಯುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇರುತ್ತದೆ.

ಯಾವ ಫಾರ್ಮ್ಯಾಟ್‌ನಲ್ಲಿ ಉಳಿಸಬೇಕು ಎಂಬ ಪ್ರಶ್ನೆಗೂ ಉತ್ತರ ಕಣ್ಣಿನಲ್ಲೇ ಇದೆ. ನಮ್ಮ ಕಣ್ಣು ಬೆಳಕು-ನೆರಳಿನ ಸಣ್ಣ ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸಣ್ಣ ಏರಿಳಿತವನ್ನು ಅಷ್ಟಾಗಿ ಹಿಡಿಯುವುದಿಲ್ಲ. 1992ರಲ್ಲಿ ಬಂದ ಜೆಪೆಗ್ ಮಾನದಂಡ ಈ ಗುಣವನ್ನೇ ಬಳಸಿಕೊಳ್ಳುತ್ತದೆ. ಬಣ್ಣದ ವಿವರವನ್ನು ಸಾಮಾನ್ಯವಾಗಿ ಕಡಿಮೆ ಮಾಡುತ್ತದೆ. ಆಮೇಲೆ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ಅಲೆಗಳ ಮೊತ್ತವಾಗಿ ಬರೆದು, ತೀರಾ ನವಿರಾದ ಅಲೆಗಳನ್ನು ಕೈಬಿಡುತ್ತದೆ. ಮುಖ, ಮೋಡ, ಮರಗಿಡದ ಫೋಟೊಗಳಲ್ಲಿ ಈ ನಷ್ಟ ಗೊತ್ತೇ ಆಗುವುದಿಲ್ಲ. ಸ್ಕ್ರೀನ್‌ಶಾಟ್‌ನ ಕಥೆ ಬೇರೆ. ಅಕ್ಷರದ ಚೂಪಾದ ಅಂಚು ಮೂಡುವುದಕ್ಕೆ ಆ ನವಿರು ಅಲೆಗಳೇ ಬೇಕು. ಅವು ಹೋದರೆ ಅಕ್ಷರದ ಸುತ್ತ ಕೊಳೆ ಮೆತ್ತಿದಂತಾಗುತ್ತದೆ. ಅದಕ್ಕೇ ಫೋಟೊಗೆ ಜೆಪೆಗ್; ಬರಹ, ನಕ್ಷೆ, ಸ್ಕ್ರೀನ್‌ಶಾಟ್‌ಗಳಿಗೆ ಏನನ್ನೂ ಕೈಬಿಡದ ಪಿಎನ್‌ಜಿ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಈಗ ಎರಡೂ ಕೆಲಸ ಮಾಡುತ್ತದೆ.

ಚಿತ್ರ ಹಾಕುವಾಗ ಅದರ ಅಗಲ, ಎತ್ತರವನ್ನು ಎಚ್‌ಟಿಎಂಎಲ್‌ನಲ್ಲಿ, ಅಂದರೆ ಪುಟದ ಕೋಡ್‌ನಲ್ಲಿ, ಬರೆದುಬಿಡಿ. ಬರೆಯದಿದ್ದರೆ ಚಿತ್ರ ಬರುವವರೆಗೆ ಎಷ್ಟು ಜಾಗ ಬಿಡಬೇಕೆಂದು ಬ್ರೌಸರ್‌ಗೆ ತಿಳಿಯುವುದಿಲ್ಲ. ಚಿತ್ರ ಬಂದ ತಕ್ಷಣ ಸಾಲುಗಳೆಲ್ಲ ಕೆಳಗೆ ಜಿಗಿಯುತ್ತವೆ. ಓದುತ್ತಿದ್ದ ಸಾಲು ಕಳೆದುಹೋಗುತ್ತದೆ, ಒತ್ತಲು ಹೋದ ಲಿಂಕ್ ಬಿಟ್ಟು ಇನ್ನೆಲ್ಲೋ ಬೆರಳು ಬೀಳುತ್ತದೆ.

ಕನ್ನಡದಲ್ಲಿ ಪುಟ ಮಾಡುವವರಿಗೆ ಇಷ್ಟು ಸಾಲದು. ಹೆಚ್ಚಿನ ಥೀಮ್‌ಗಳ ಅಳತೆ ರೋಮನ್ ಲಿಪಿಗೆ ಹೊಂದಿಸಿದ್ದು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆಗಳು ಮೇಲೆ ಏರುತ್ತವೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.3 ಪಟ್ಟು ಮಾತ್ರ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುವಂತಿರುತ್ತದೆ. 1.6ರಿಂದ 1.8 ಇಟ್ಟು ನೋಡಿ, ಪುಟ ಉಸಿರಾಡುತ್ತದೆ. ಓರೆ ಅಕ್ಷರವನ್ನೂ ಬಿಟ್ಟುಬಿಡಿ. ಬಹಳಷ್ಟು ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪವೇ ಇರುವುದಿಲ್ಲ. ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಎಳೆದು ವಾಲಿಸುತ್ತದೆ, ದುಂಡು ಕೆಡುತ್ತದೆ. ಒತ್ತಿ ಹೇಳಬೇಕಾದಲ್ಲಿ ದಪ್ಪ ಅಕ್ಷರ ಬಳಸಿ.

ಪುಟದ ಭಾಷೆ ಯಾವುದೆಂದು ಹೇಳುವ ಗುರುತನ್ನೂ ಒಮ್ಮೆ ನೋಡಿ. ಎಚ್‌ಟಿಎಂಎಲ್‌ನ ಮೊದಲ ಟ್ಯಾಗ್‌ನಲ್ಲೇ ಅದು ಇರುತ್ತದೆ. ಕನ್ನಡಕ್ಕೆ 'ಕೆಎನ್' ಎಂಬ ಎರಡಕ್ಷರದ ಸಂಕೇತ. ಎಷ್ಟೋ ಕನ್ನಡ ಪುಟಗಳಲ್ಲಿ ಥೀಮ್ ಜೊತೆ ಬಂದ ಇಂಗ್ಲಿಷ್ ಸಂಕೇತವೇ ಹಾಗೇ ಉಳಿದಿರುತ್ತದೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಿಂದ ಪುಟವನ್ನು ಕೇಳಿಸಿಕೊಳ್ಳುತ್ತಾರೆ. ಯಾವ ಧ್ವನಿಯಲ್ಲಿ ಓದಬೇಕೆಂದು ಆ ತಂತ್ರಾಂಶ ನೋಡುವುದು ಈ ಗುರುತನ್ನೇ. ಗುರುತು ತಪ್ಪಿದ್ದರೆ ಕನ್ನಡದ ಸಾಲುಗಳು ಇಂಗ್ಲಿಷ್ ಧ್ವನಿಯ ಪಾಲಾಗಬಹುದು. ಆಗ ಉಚ್ಚಾರ ಕೆಡುತ್ತದೆ, ಇಲ್ಲವೇ ಅಕ್ಷರಗಳು ಬಿಟ್ಟೇ ಹೋಗುತ್ತವೆ. ತಿದ್ದಲು ಒಂದು ನಿಮಿಷವೂ ಬೇಡ.