ಕಣ್ಣೀರು ತರಿಸುವ ಈರುಳ್ಳಿಯಲ್ಲಿ ಸಿಹಿ ಎಲ್ಲಿತ್ತು?

ನ್ಯೂಯಾರ್ಕಿನ ತಳ್ಳುಗಾಡಿಗಳಲ್ಲಿ ಹಾಟ್ ಡಾಗ್, ಅಂದರೆ ಬನ್ನಿನೊಳಗಿಟ್ಟ ಸಾಸೇಜ್, ಕೊಂಡರೆ, ಬೇಕು ಅಂದವರಿಗೆ ಮೇಲೆ ಕೆಂಪಗಿನ ಈರುಳ್ಳಿ ಸಾಸ್ ಹಾಕಿಕೊಡುತ್ತಾರೆ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಒಂಚೂರು ಖಾರ. 1960ರ ದಶಕದಲ್ಲಿ ಇದನ್ನು ಹದಕ್ಕೆ ತಂದವರು ಆಲನ್ ಗೈಸ್ಲರ್ ಎಂಬ ಆಹಾರ ರಸಾಯನತಜ್ಞ.

ಮನೆಯಲ್ಲಿ ಮಾಡಲು ಎರಡು ದೊಡ್ಡ ಈರುಳ್ಳಿ, ಎಣ್ಣೆ, ಕಾಲು ಕಪ್ ಕೆಚಪ್, ಅರ್ಧ ಕಪ್ ನೀರು, ಒಂದೊಂದು ಚಮಚ ವಿನೆಗರ್ ಮತ್ತು ಬೆಲ್ಲ, ಚಿಟಿಕೆ ಖಾರದ ಪುಡಿ, ಚಿಟಿಕೆ ಚಕ್ಕೆ ಪುಡಿ ಸಾಕು. ಕೆಚಪ್‌ನಲ್ಲೂ ಸಕ್ಕರೆ ಇದೆ, ನಿಜ. ಆದರೆ ಬಾಯಿಗೆ ಹತ್ತುವ ಆ ಸಿಹಿಯಲ್ಲಿ ಈರುಳ್ಳಿಯದೇ ಒಂದು ಪಾಲು.

ಹಸಿ ಈರುಳ್ಳಿ 100 ಗ್ರಾಂ ಇದ್ದರೆ ಅದರಲ್ಲಿ ಸುಮಾರು 4 ಗ್ರಾಂ ಸಕ್ಕರೆ, 89 ಗ್ರಾಂ ನೀರು. ಹಾಗಿದ್ದರೂ ಕಚ್ಚಿದರೆ ಸಿಹಿ ಅನಿಸುವುದಿಲ್ಲ, ಅಲ್ವಾ? ಘಾಟು ಅದನ್ನು ಮುಚ್ಚಿಬಿಡುತ್ತದೆ. ಚಾಕು ತಾಗಿದ ಕೂಡಲೇ ಜೀವಕೋಶಗಳು ಒಡೆಯುತ್ತವೆ. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಗಂಧಕದ ವಸ್ತುಗಳೂ ಕಿಣ್ವಗಳೂ ಒಂದಾಗುತ್ತವೆ. ಕಣ್ಣು ಉರಿಸುವ ಆವಿ ಹುಟ್ಟುವುದು ಆಗಲೇ. ಅದನ್ನು ಮಾಡಲೆಂದೇ ಪ್ರತ್ಯೇಕ ಕಿಣ್ವವೊಂದಿದೆ ಎಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಅದಕ್ಕೆ 2013ರಲ್ಲಿ ಇಗ್ ನೊಬೆಲ್ ಸಿಕ್ಕಿತು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು!

ಬಾಣಲೆಯ ಬಿಸಿಗೆ ಕಿಣ್ವ ಸಾಯುತ್ತದೆ, ಘಾಟು ಹಾರಿಹೋಗುತ್ತದೆ, ನೀರು ಆರಿ ಸಕ್ಕರೆಯ ಪಾಲು ಹೆಚ್ಚುತ್ತದೆ. ಉರಿ ಸಣ್ಣಗಿರಲಿ. ಈರುಳ್ಳಿ ಬೆರಳಲ್ಲಿ ಒತ್ತಿದರೆ ನುಣ್ಣಗಾಗುವವರೆಗೆ ವಿನೆಗರ್, ಕೆಚಪ್ ಎರಡನ್ನೂ ಹತ್ತಿರ ತರಬೇಡಿ. ಹುಣಸೆಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ ಎಂದು ಅಜ್ಜಿ ಬೈಯುತ್ತಿದ್ದದ್ದು ಇದೇ ಕಾರಣಕ್ಕೆ. ಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಎಂಬ ಗೋಂದು ಹುಳಿಯಲ್ಲಿ ಸುಲಭಕ್ಕೆ ಸಡಿಲವಾಗುವುದಿಲ್ಲ. ಈರುಳ್ಳಿ ಮೆತ್ತಗಾದ ಮೇಲೆ ಉಳಿದದ್ದನ್ನೆಲ್ಲ ಸುರಿದು, ಸೌಟಿಗೆ ಅಂಟುವವರೆಗೆ ಕುದಿಸಿ.

ನಾನು ಎಡವಿದ್ದು ಇದಾದ ಮೇಲೆ. ನ್ಯೂಜೆರ್ಸಿಯಲ್ಲಿ ಗೆಳೆಯನ ಮನೆ ಹಿತ್ತಲು, ಕೆಂಡ ನಿಗಿನಿಗಿ. ರುಚಿ ಚೆನ್ನಾಗಿ ಹಿಡಿಯಲಿ ಎಂದು ಸಾಸನ್ನು ಹಸಿ ಹಾಟ್ ಡಾಗ್‌ಗೇ ಸವರಿದೆ. ಮೂರೇ ನಿಮಿಷ. ಹೊರಗೆ ಕಪ್ಪು ಕರಕಲು, ನಾಲಿಗೆಗೆ ಬೇವು.

ಬಾಣಲೆಯಲ್ಲಿ ನೀರಿರುವವರೆಗೆ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಕೆಂಡದ ಮೇಲಿನ ಸರಳು ಸುಲಭವಾಗಿ 200 ದಾಟುತ್ತದೆ. ತೆಳ್ಳಗೆ ಸವರಿದ ಸಾಸ್ ಕ್ಷಣದಲ್ಲಿ ಒಣಗಿತು, ಸಕ್ಕರೆ ಬರಿಮೈಯಲ್ಲಿ ಸುಟ್ಟಿತು. ಜೊತೆಗೆ ವಿನೆಗರ್ ಮಾಡಿದ ಕಿತಾಪತಿಯೂ ಇದೆ. ಹುಳಿಯಲ್ಲಿ ಕುದಿದ ಸಕ್ಕರೆ ಸ್ವಲ್ಪಮಟ್ಟಿಗೆ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಮಾಮೂಲಿ ಸಕ್ಕರೆ ಕಂದಲು 160 ಡಿಗ್ರಿಯಷ್ಟು ಬೇಕು, ಫ್ರಕ್ಟೋಸ್‌ಗೆ 110 ಸಾಕು.

ಎರಡನೇ ಸರದಿಗೆ ಹಾಟ್ ಡಾಗ್ ಸುಮ್ನೆ ಸುಟ್ಟೆವು. ಇಳಿಸುವ ಮುಂಚಿನ ಅರ್ಧ ನಿಮಿಷ ಒಂದು ಕೈ ಸವರಿ, ಮಿಕ್ಕಿದ್ದನ್ನು ಬನ್ನಿನೊಳಗೆ ಸುರಿದೆವು. ಆಗಲೂ ಒಂದು ಬಟ್ಟಲು ಉಳಿಯಿತು. ಮರುದಿನ ದೋಸೆಗೆ ನೆಂಚಿಕೊಂಡು ಖಾಲಿ ಮಾಡಿದೆವು.