ಕಂಪ್ಯೂಟರಿಗೂ ಒಂದು ಪಾಸ್‌ವರ್ಡ್ ಇದೆ

ಮಳೆಗಾಲ ಮುಗಿಯುತ್ತಿದ್ದಂತೆ ಕೊಡಗಿನ ಆಫೀಸುಗಳಿಂದ ಒಂದು ದೂರು ಜಾಸ್ತಿ ಬರುತ್ತದೆ. “ಸಾರ್, ಪಾಸ್‌ವರ್ಡ್ ಸರಿಯಾಗೇ ಹೊಡೀತಿದ್ದೀನಿ. ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್ ಅಂತ ಬರ್ತಿದೆ.” ಸೋಮವಾರಪೇಟೆಯ ಬ್ರಾಂಚ್ ಆಫೀಸಿರಲಿ, ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಹೆಡ್ ಆಫೀಸಿನವರು ಮೊದಲು ಆ ನೌಕರರ ಪಾಸ್‌ವರ್ಡ್ ರಿಸೆಟ್ ಮಾಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಸರ್ವರಿನಲ್ಲಿರುವುದಕ್ಕೆ ತಾಳೆಯಾಗದೆ ಇರುವುದು ಕಂಪ್ಯೂಟರಿನ ಪಾಸ್‌ವರ್ಡ್.

ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಗೆ ವಿಂಡೋಸ್ ಡೊಮೈನ್ ಅನ್ನುತ್ತಾರೆ. ಅದಕ್ಕೆ ಸೇರಿಸಿದ ಪ್ರತಿ ಕಂಪ್ಯೂಟರಿಗೂ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಸರ್ವರಿನಲ್ಲಿರುವ ಅಕೌಂಟ್‌ಗಳ ಪಟ್ಟಿಯಲ್ಲಿ, ತನ್ನದೇ ಅಕೌಂಟ್ ಇರುತ್ತದೆ. ಅದರ ಪಾಸ್‌ವರ್ಡನ್ನು ಯಾರೂ ಟೈಪ್ ಮಾಡುವುದಿಲ್ಲ, ಯಾರಿಗೂ ಗೊತ್ತಿರುವುದೂ ಇಲ್ಲ. ನಾವು ಸೆಟ್ಟಿಂಗ್ ಮುಟ್ಟದಿದ್ದರೆ 30 ದಿನಕ್ಕೊಮ್ಮೆ ಕಂಪ್ಯೂಟರೇ ಹೊಸದನ್ನು ಮಾಡಿಕೊಂಡು ಸರ್ವರಿಗೆ ತಿಳಿಸುತ್ತದೆ.

“ಮಳೆಗೆ ಎರಡು ತಿಂಗಳು ಆಫ್ ಆಗಿತ್ತಲ್ಲ, ಎಕ್ಸ್‌ಪೈರ್ ಆಗಿರ್ಬೇಕು” ಅನ್ನುತ್ತಾರೆ. ಹಾಗಲ್ಲ. ಬದಲಾವಣೆ ಶುರು ಮಾಡುವುದು ಕಂಪ್ಯೂಟರ್, ಸರ್ವರ್ ಅಲ್ಲ. ಆಫ್ ಆಗಿದ್ದಷ್ಟು ದಿನ ಎರಡೂ ಕಡೆ ಹಳೆಯದೇ ಇರುತ್ತದೆ. ಆನ್ ಮಾಡಿ ನೆಟ್‌ವರ್ಕ್ ಸಿಕ್ಕಿದ ಮೇಲೆ ತಾನೇ ಬದಲಿಸಿಕೊಳ್ಳುತ್ತದೆ.

ತೊಂದರೆ ಬರುವುದು ಬೇರೆ ದಾರಿಯಲ್ಲಿ. ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟು ಹೋಗಿ ಬಂದು ಮಾಡುತ್ತದೆ, ಡಿಸ್ಕ್ ಕೆಡುತ್ತದೆ. ರಿಪೇರಿಯವರು ಕೆಲವು ತಿಂಗಳ ಹಿಂದಿನ ಬ್ಯಾಕಪ್ ಇಮೇಜ್ (ಇಡೀ ಡಿಸ್ಕಿನ ನಕಲು) ಹಾಕಿ ಕೊಡುತ್ತಾರೆ. ಆ ಇಮೇಜಿನಲ್ಲಿ ಅಂದಿನ ಪಾಸ್‌ವರ್ಡ್ ಇದೆ. ಸರ್ವರಿನಲ್ಲಿ ಅದಾದ ಮೇಲಿನದು. ಒಂದೇ ಹೆಸರಿನ ಎರಡು ಮಿಷನ್ ಇದ್ದರೂ ಇದೇ ಗತಿ.

ಸರಿಮಾಡುವುದು ಸುಲಭ. ಲೋಕಲ್ ಅಡ್ಮಿನ್ ಆಗಿ, ಅಂದರೆ ಆ ಮಿಷನ್‌ನಲ್ಲೇ ಇರುವ ಅಡ್ಮಿನ್ ಅಕೌಂಟಿನಿಂದ, ಒಳಗೆ ಹೋಗಿ. ಡೊಮೈನ್ ಕಂಟ್ರೋಲರ್ (ಈ ಅಕೌಂಟ್‌ಗಳಿರುವ ಸರ್ವರ್) ಸಿಗುತ್ತಿದೆಯಾ ನೋಡಿ. ವಿಪಿಎನ್ (ಇಂಟರ್ನೆಟ್ ಮೂಲಕ ಹೆಡ್ ಆಫೀಸಿಗೆ ಇರುವ ಖಾಸಗಿ ಸಂಪರ್ಕ) ಮೇಲೆ ನಡೆಯುವ ಬ್ರಾಂಚ್ ಆದರೆ ಮೊದಲು ಅದನ್ನು ಕನೆಕ್ಟ್ ಮಾಡಿ. ವಿಂಡೋಸ್‌ನಲ್ಲಿ ಕಮಾಂಡ್ ಕೊಡುವ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್’ ಕೊಟ್ಟರೆ ‘ಫಾಲ್ಸ್’ ಬರುತ್ತದೆ. ಅದಕ್ಕೇ ‘ರಿಪೇರ್’ ಸೇರಿಸಿ, ಡೊಮೈನ್ ಅಡ್ಮಿನ್ ಹೆಸರು-ಪಾಸ್‌ವರ್ಡ್ ಕೊಟ್ಟು ಮತ್ತೆ ಓಡಿಸಿ. ‘ಟ್ರೂ’ ಬಂದರೆ ಕೆಲಸ ಆಯಿತು. ಅಷ್ಟರಲ್ಲಿ ನೌಕರರಿಗೆ ತುರ್ತಾಗಿ ಫೈಲ್ ಬೇಕಿದ್ದರೆ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ ಲಾಗಿನ್ ಮಾಡಲಿ. ಆ ಇಮೇಜ್ ತೆಗೆಯುವ ಮೊದಲು ಅವರು ಅದರಲ್ಲಿ ಲಾಗಿನ್ ಆಗಿದ್ದರೆ, ಅವರ ಅಂದಿನ ಪಾಸ್‌ವರ್ಡ್ ಸಾಮಾನ್ಯವಾಗಿ ನಡೆಯುತ್ತದೆ.

ದಯವಿಟ್ಟು ಸರ್ವರಿನಲ್ಲಿ ಆ ಕಂಪ್ಯೂಟರಿನ ಅಕೌಂಟ್ ಡಿಲೀಟ್ ಮಾಡಬೇಡಿ. ಹೊಸದಾಗಿ ಸೇರಿಸಿದರೆ ಹೆಸರು ಅದೇ ಇರಬಹುದು, ಒಳಗಿನ ಗುರುತು ಬೇರೆ. ಗ್ರೂಪ್‌ಗಳು ಹೋಗುತ್ತವೆ. ಡಿಸ್ಕ್ ಲಾಕ್ ಮಾಡುವ ಬಿಟ್‌ಲಾಕರಿನ ರಿಕವರಿ ಕೀ ಆ ಅಕೌಂಟಿನ ಕೆಳಗೇ ಇಟ್ಟಿದ್ದರೆ ಅದೂ ಹೋಗುತ್ತದೆ. ಮುಂದೆ ಡಿಸ್ಕ್ ಲಾಕ್ ಆದ ದಿನ ಡೇಟಾ ಸಿಗುವುದಿಲ್ಲ. ಸರ್ವರಿನ ಮೆನುವಿನಲ್ಲಿ ‘ರಿಸೆಟ್ ಅಕೌಂಟ್’ ಒತ್ತಿದರೂ ರಿಪೇರಿ ಆಗುವುದಿಲ್ಲ, ಮಿಷನನ್ನು ಮತ್ತೆ ಡೊಮೈನಿಗೆ ಸೇರಿಸಲೇಬೇಕು.

ಇಷ್ಟಕ್ಕೆಲ್ಲ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರಬೇಕು ಅಲ್ವಾ? ಎಲ್ಲ ಮಿಷನ್‌ಗೂ ಒಂದೇ ಇಡುವುದು ಅಪಾಯ. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಬರುತ್ತಿರುವ ಲ್ಯಾಪ್ಸ್ (ಲೋಕಲ್ ಅಡ್ಮಿನ್ ಪಾಸ್‌ವರ್ಡ್ ನೋಡಿಕೊಳ್ಳುವ ಸೌಲಭ್ಯ), ಪ್ರತಿ ಮಿಷನ್‌ಗೂ ಬೇರೆ ಪಾಸ್‌ವರ್ಡ್ ಮಾಡಿ ಡೈರೆಕ್ಟರಿಯಲ್ಲಿ ಇಡುತ್ತದೆ. ಆದರೆ ಹಳೆ ಇಮೇಜ್ ಹಾಕಿದಾಗ ಈ ಪಾಸ್‌ವರ್ಡೂ ಹಳೆಯದಕ್ಕೆ ಹೋಗುತ್ತದೆ. ಹಾಗಾಗಿ ಹಳೆಯ ಪಾಸ್‌ವರ್ಡ್‌ಗಳನ್ನೂ ಉಳಿಸಿಡುವ ಪಾಸ್‌ವರ್ಡ್ ಹಿಸ್ಟರಿ, ಅದಕ್ಕೆ ಬೇಕಾದ ಎನ್‌ಕ್ರಿಪ್ಶನ್ ಎರಡನ್ನೂ ಲ್ಯಾಪ್ಸ್‌ನಲ್ಲಿ ಮಳೆಗಾಲಕ್ಕೆ ಮೊದಲೇ ಆನ್ ಮಾಡಿಡಿ. ಡೊಮೈನಿನ ಫಂಕ್ಷನಲ್ ಲೆವೆಲ್ ವಿಂಡೋಸ್ ಸರ್ವರ್ 2016ರ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಇದು ಆಗುತ್ತದೆ.